ಜೇನು, ಸಕ್ಕರೆ ಮತ್ತು ಮಧುಮೇಹ

ಮಧುಮೇಹಿಗಳಿರುವ ನಮ್ಮ ಅನೇಕ ಮನೆಗಳಲ್ಲಿ ಸಕ್ಕರೆಯ ಡಬ್ಬ ದೂರ ಸರಿದು ಅದರ ಜಾಗದಲ್ಲಿ ಜೇನಿನ ಬಾಟಲಿ ಬಂದು ಕುಳಿತಿರುತ್ತದೆ. "ಜೇನಿನಲ್ಲಿ ಶಿಫಾ ಇದೆಯೆಂದು ಅಲ್ಲಾಹನೇ ತಿಳಿಸಿರುವಾಗ ಅದರಿಂದ ಹಾನಿ ಹೇಗಾದೀತು?" ಎಂಬುದು ಮನೆಯವರ ವಾದ. ಈ ವಾದದ ಹಿಂದಿರುವ ವಿಶ್ವಾಸವು ಗೌರವಾರ್ಹವಾಗಿದೆ. ಆದರೆ ಅದರಿಂದ ತೆಗೆದ ತೀರ್ಮಾನ ಸರಿಯೇ? ರೋಗಿಯ ಕಣ್ಣು, ಮೂತ್ರಪಿಂಡ ಮತ್ತು ಕಾಲುಗಳ ಪ್ರಶ್ನೆ ಇದರಲ್ಲಿ ಅಡಗಿರುವುದರಿಂದ ಇದನ್ನು ಪರಿಶೀಲಿಸುವುದು ಅಗತ್ಯ.

ಶಿಫಾದ ಅರ್ಥ

ಪವಿತ್ರ ಕುರ್‌ಆನಿನ 'ಅನ್ನಹ್ಲ್' ಅಧ್ಯಾಯದ 69ನೇ ಸೂಕ್ತವು ಜೇನಿನಲ್ಲಿ ಜನರಿಗೆ ಶಮನವಿದೆಯೆಂದು ತಿಳಿಸುತ್ತದೆ. ಆದರೆ ಅದು ಎಲ್ಲ ರೋಗಗಳಿಗೂ ಮದ್ದೆಂದು ಅಲ್ಲಿ ಹೇಳಿಲ್ಲ. ಪ್ರವಾದಿ ವೈದ್ಯದ ಕುರಿತು ಬರೆದವರು ಈ ಸೂಕ್ಷ್ಮವನ್ನು ಗುರುತಿಸಿದ್ದರೆಂದು ಇಬ್ನು ಕಸೀರ್(ರ) ತಮ್ಮ ವ್ಯಾಖ್ಯಾನದಲ್ಲಿ ದಾಖಲಿಸಿದ್ದಾರೆ. ಸಹೋದರನ ಹೊಟ್ಟೆಯ ತೊಂದರೆಯನ್ನು ಹೇಳಿಕೊಂಡು ಬಂದ ವ್ಯಕ್ತಿಗೆ ಪ್ರವಾದಿವರ್ಯರು(ಸ) ಜೇನು ಕುಡಿಸಲು ಹೇಳಿದ ಘಟನೆ ಬುಖಾರಿಯಲ್ಲಿದೆ. ಅದು ಒಬ್ಬ ರೋಗಿಯ ಒಂದು ತೊಂದರೆಗೆ ಸೂಚಿಸಿದ ಚಿಕಿತ್ಸೆಯಾಗಿತ್ತು. ಇಂದು ವೈದ್ಯರೂ ಕೆಮ್ಮಿಗೆ ಜೇನನ್ನು ಸೂಚಿಸುತ್ತಾರೆ. ಶುದ್ಧೀಕರಿಸಿದ ಜೇನನ್ನು ಗಾಯಗಳಿಗೆ ಬಳಸುತ್ತಾರೆ.

ಎರಡರಲ್ಲೂ ಏನಿದೆ?

ಸಕ್ಕರೆಯು ಬಹುತೇಕ ಪೂರ್ತಿಯಾಗಿ ಸುಕ್ರೋಸ್ ಆಗಿದೆ. ದೇಹದಲ್ಲಿ ಅದು ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್ ಆಗಿ ಒಡೆಯುತ್ತದೆ. ಜೇನಿನಲ್ಲಿ ಈ ಕೆಲಸವನ್ನು ಜೇನುನೊಣಗಳೇ ಮುಗಿಸಿರುತ್ತವೆ. ಅದರಲ್ಲಿ ಸುಮಾರು ಶೇ. 38 ಫ್ರಕ್ಟೋಸ್, ಶೇ. 31 ಗ್ಲೂಕೋಸ್, ಶೇ. 17 ನೀರು, ಉಳಿದಂತೆ ಇತರ ಸಕ್ಕರೆಗಳು ಮತ್ತು ಅತ್ಯಲ್ಪ ಪ್ರಮಾಣದ ಖನಿಜಾಂಶಗಳಿವೆ. ಆಹಾರವು ರಕ್ತದ ಸಕ್ಕರೆಯನ್ನು ಏರಿಸುವ ಪರಿಯನ್ನು ಗ್ಲೈಸೆಮಿಕ್ ಸೂಚ್ಯಂಕದಿಂದ ಅಳೆಯುತ್ತಾರೆ. ಇದು ಸಕ್ಕರೆಗೆ ಸುಮಾರು 65, ಜೇನಿಗೆ ಸರಾಸರಿ 60ರ ಆಸುಪಾಸು. ಅಂತರವಿದೆ, ಆದರೆ ಅಲ್ಪ.

ಚಮಚೆಯ ಲೆಕ್ಕ

ತೂಕಕ್ಕೆ ತೂಕ ನೋಡಿದರೆ ಜೇನಿನಲ್ಲಿ ಕ್ಯಾಲೊರಿ ಕಡಿಮೆ. ಆದರೆ ನಾವು ಅಳೆಯುವುದು ಚಮಚೆಯಿಂದ. ಒಂದು ಟೀ ಚಮಚೆ ಸಕ್ಕರೆ ಸುಮಾರು 4 ಗ್ರಾಂ, 16 ಕ್ಯಾಲೊರಿ. ಅದೇ ಚಮಚೆಯ ಜೇನು ಸುಮಾರು 7 ಗ್ರಾಂ. ಅದರಲ್ಲಿ ಹೆಚ್ಚುಕಡಿಮೆ 6 ಗ್ರಾಂ ಸಕ್ಕರೆಯೇ ಇದ್ದು, 21 ಕ್ಯಾಲೊರಿ ನೀಡುತ್ತದೆ. ಚಹಾಕ್ಕೆ ಒಂದು ಚಮಚೆ ಸಕ್ಕರೆಯ ಬದಲು ಒಂದು ಚಮಚೆ ಜೇನು ಹಾಕಿದವನು ಸಕ್ಕರೆಯನ್ನು ಹೆಚ್ಚಿಸಿಕೊಂಡನೇ ಹೊರತು ಇಳಿಸಲಿಲ್ಲ!

2009ರಲ್ಲಿ ಪ್ರಕಟವಾದ ಇರಾನಿನ ಒಂದು ಅಧ್ಯಯನದಲ್ಲಿ 8 ವಾರ ಜೇನು ಸೇವಿಸಿದ ಮಧುಮೇಹಿಗಳ ತೂಕ ಮತ್ತು ಕೊಲೆಸ್ಟರಾಲ್ ಇಳಿದವು. ಆದರೆ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ತೋರಿಸುವ ಎಚ್‌ಬಿಎ1ಸಿ ಏರಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಮಿತಿಗೊಳಿಸಬೇಕೆಂದು ಹೇಳಿದ ಸಕ್ಕರೆಗಳ ಪಟ್ಟಿಯಲ್ಲಿಯೂ ಜೇನಿನ ಸಕ್ಕರೆ ಸೇರಿದೆ.

ಗಮನದಲ್ಲಿಡಬೇಕಾದುದು

1. ಮಧುಮೇಹಿಯು ಜೇನನ್ನು ಔಷಧಿಯೆಂದಲ್ಲ, ಸಕ್ಕರೆಯೆಂದೇ ಲೆಕ್ಕ ಹಾಕಬೇಕು. ಎಷ್ಟು ಸೇವಿಸಬಹುದೆಂದು ವೈದ್ಯರನ್ನು ಕೇಳಬೇಕು.

2. ಜೇನನ್ನು ನಂಬಿ ಮಾತ್ರೆ ಅಥವಾ ಇನ್ಸುಲಿನ್ ನಿಲ್ಲಿಸಬಾರದು. ಚಿಕಿತ್ಸೆ ಪಡೆಯುವಂತೆ ಪ್ರವಾದಿವರ್ಯರೇ(ಸ) ಆದೇಶಿಸಿದ್ದಾರೆ. ಚಿಕಿತ್ಸೆಯು ತವಕ್ಕುಲ್‌ಗೆ ವಿರುದ್ಧವಲ್ಲ.

3. ಔಷಧಿ ಸೇವಿಸುವವರಿಗೆ ನಡುಕ, ಬೆವರು ಬಂದು ರಕ್ತದ ಸಕ್ಕರೆ 70ಕ್ಕಿಂತ ಇಳಿದಾಗ ಮೂರು ಟೀ ಚಮಚೆ ಸಕ್ಕರೆ ಅಥವಾ ಜೇನು ತಕ್ಷಣ ನೆರವಾಗುತ್ತದೆ. ಉಪವಾಸವಿದ್ದರೆ ಅದನ್ನು ಮುರಿಯಬೇಕು. ರೋಗಿಗೆ ಅಲ್ಲಾಹನು ರಿಯಾಯಿತಿ ನೀಡಿದ್ದಾನೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

4. ಒಂದು ವರ್ಷ ತುಂಬದ ಶಿಶುವಿಗೆ ಜೇನು ನೆಕ್ಕಿಸಬಾರದು. ಅದರಲ್ಲಿರಬಹುದಾದ ರೋಗಾಣುವಿನಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತಗಲಬಹುದು.

ಜೇನು ಅಲ್ಲಾಹನ ಅನುಗ್ರಹವೆಂಬುದರಲ್ಲಿ ಸಂದೇಹವಿಲ್ಲ. ಖರ್ಜೂರ, ದ್ರಾಕ್ಷಿಗಳೂ ಅವನ ಅನುಗ್ರಹಗಳೇ. ಅವುಗಳನ್ನೂ ಮಧುಮೇಹಿಯು ಎಣಿಸಿಯೇ ತಿನ್ನುತ್ತಾನೆ. ತಿನ್ನುವುದರಲ್ಲಿ ಮಿತಿ ಮೀರಬೇಡಿರೆಂದು ಕಲಿಸಿದವನೂ ಅಲ್ಲಾಹನೇ. ದೇಹವು ನಮ್ಮ ಕೈಗೆ ಅವನು ಒಪ್ಪಿಸಿರುವ ಅಮಾನತ್ತು. ಅದನ್ನು ಅರಿವಿನಿಂದ ಕಾಪಾಡುವ ಸೌಭಾಗ್ಯವನ್ನು ಅವನು ನಮಗೆಲ್ಲರಿಗೂ ಕರುಣಿಸಲಿ.