ತುಂಡುಮರದಿಂದ ಲೇಖನಿ: ಕಡೆಯುವ ಕೆಲಸದ ಒಂದು ಪಾಠ

ಸಿಂಧನೂರು, ಮಸ್ಕಿ, ಲಿಂಗಸುಗೂರು ಈ ಮೂರು ಊರುಗಳಲ್ಲಿ ಯಾವ ಬಡಗಿಯ ಅಂಗಡಿಯ ಮುಂದೆ ನಿಂತರೂ ಮೂಲೆಯಲ್ಲೊಂದು ತುಂಡುಮರದ ರಾಶಿ ಕಣ್ಣಿಗೆ ಬೀಳುತ್ತದೆ. ಬಾಗಿಲ ಚೌಕಟ್ಟಿಗೆ ಕೊಯ್ದು ಉಳಿದ ಸಾಗುವಾನಿಯ ಪಟ್ಟಿ, ಬೇವಿನ ಚಕ್ಕೆ, ಜಾಲಿಯ ಮೊಂಡು ಇವೆಲ್ಲ ಸಂಜೆಯ ಹೊತ್ತಿಗೆ ಒಲೆಯ ಪಾಲಾಗತಕ್ಕವು. ಬೆರಳಗಲದ ಇಂತಹ ಚೂರುಗಳನ್ನು ಅಂಟಿನಿಂದ ಒಂದುಗೂಡಿಸಿ, ಲೇತ್ ಯಂತ್ರಕ್ಕೆ ಕೊಟ್ಟು ಕಡೆದರೆ ಬರೆಯಲು ಯೋಗ್ಯವಾದ ಲೇಖನಿಯಾಗುತ್ತದೆ. ದುಬಾರಿ ಮರವನ್ನು ಕೊಳ್ಳಬೇಕಾಗಿಲ್ಲವಾದ್ದರಿಂದ ಶಾಲೆಯ ಕರಕುಶಲ ಪಾಠಕ್ಕೆ ಇದು ಒಪ್ಪುವ ಕೆಲಸ.

ಚೂರುಗಳನ್ನು ಅಂಟಿಸಿ ವಸ್ತು ಮಾಡುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ. 1997ರವರೆಗೆ ರಾಯಚೂರು ಜಿಲ್ಲೆಯೊಳಗೇ ಇದ್ದ, ಈಗ ಕೊಪ್ಪಳ ಜಿಲ್ಲೆಗೆ ಸೇರಿದ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಗೋಣಿಬಟ್ಟೆಯ ಚೂರು ಹಾಗೂ ಮರದ ಹೊಟ್ಟಿನ ಕಣಕದಿಂದ ಸಂದುಗಳನ್ನು ತುಂಬಿ ಗೊಂಬೆಗಳನ್ನು ಮಾಡುತ್ತ ಬಂದಿದ್ದಾರೆ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಮಸ್ಕಿಯಲ್ಲಿ ಬೆಳಕಿಗೆ ಬಂದುದು ಶಾಲೆಯ ಮಕ್ಕಳೆಲ್ಲರಿಗೂ ಗೊತ್ತು. ಅದೇ ಊರಿನಲ್ಲಿ 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನದಲ್ಲಿ ಕಲ್ಲಿನ ಮಣಿಗಳು ದೊರೆತ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಗಟ್ಟಿ ಕಲ್ಲಿನ ನಟ್ಟನಡುವೆ ಸೀಳು ಬಿಡದಂತೆ ರಂಧ್ರ ಕೊರೆಯುವುದು ಮಣಿಗಾರನ ಪರೀಕ್ಷೆ. ಲೇಖನಿ ಮಾಡುವವನಿಗೂ ಅದೇ ಪರೀಕ್ಷೆ ಕಾದಿರುತ್ತದೆ.

ಮೊದಲು ಮರ ಒಣಗಿರಬೇಕು. ಮರವು ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಅಗಲಕ್ಕೆ ಕುಗ್ಗುತ್ತದೆ. ಹಸಿ ಬೇವನ್ನು ಒಣ ಸಾಗುವಾನಿಗೆ ಅಂಟಿಸಿದರೆ, 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಬೇವು ಕುಗ್ಗಿ ಬೆಸುಗೆ ಬಿಟ್ಟುಕೊಳ್ಳುವುದು ಖಂಡಿತ. ಒಣಗಿತೋ ಇಲ್ಲವೋ ಎಂಬುದನ್ನು ಕೈಯಿಂದ ಮುಟ್ಟಿ ಹೇಳುವುದಕ್ಕಿಂತ ವಿಜ್ಞಾನದ ಕೋಣೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗುವುದು ಮೇಲು. ತೂಕ ಇಳಿಯುವುದು ನಿಂತ ಮೇಲೆಯೇ ಆ ತುಂಡು ಕೆಲಸಕ್ಕೆ ಬಂದಂತೆ.

ಅನಂತರ ಎರಡು ಮುಖಗಳನ್ನೂ ಸಮಮಾಡಿ, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕು ನುಸುಳಿದರೆ ಮತ್ತೆ ಉಜ್ಜಬೇಕು. ಅಂಟು ಸಂದನ್ನು ತುಂಬೀತೆಂಬ ಭರವಸೆ ಸಲ್ಲದು. ಹಿಂದೆ ಬಡಗಿಗಳು ಮರವಜ್ರವನ್ನು ಕಾಯಿಸಿ ಬಳಸುತ್ತಿದ್ದರು. ಈಗ ಬಿಳಿಯ ಅಂಟೇ ಎಲ್ಲೆಡೆ. ಹಿತ್ತಾಳೆ ಅಥವಾ ಪ್ಲಾಸ್ಟಿಕ್ಕಿನ ಚೂರನ್ನು ನಡುವೆ ಸೇರಿಸುವುದಾದರೆ ಎಪಾಕ್ಸಿ ಬೇಕಾಗುತ್ತದೆ. ಮರದ ಅಡ್ಡಕೊಯ್ದ ತುದಿಯು ಅಂಟನ್ನು ಹೀರಿಕೊಂಡುಬಿಡುವುದರಿಂದ ಅಲ್ಲಿ ತೆಳುವಾಗಿ ಒಮ್ಮೆ ಸವರಿ, ಹೀರಿದ ಬಳಿಕ ಇನ್ನೊಮ್ಮೆ ಸವರತಕ್ಕದ್ದು. ಬಿಗಿಪಟ್ಟಿಯನ್ನು ಬಲವಂತವಾಗಿ ತಿರುಗಿಸಿ ಅಂಟನ್ನೆಲ್ಲ ಹೊರಕ್ಕೆ ಹಿಂಡುವುದು ಹುಡುಗರ ಸಾಮಾನ್ಯ ತಪ್ಪು. ಒಂದು ಹಗಲು ಒಂದು ರಾತ್ರಿ ಅದನ್ನು ಮುಟ್ಟದಿರುವುದೂ ಪಾಠದ ಭಾಗವೇ, ಬಹುಶಃ ಅತಿ ಕಠಿಣವಾದ ಭಾಗ.

ಹೀಗೆ ಸಿದ್ಧವಾದ 20 ಮಿಲಿಮೀಟರ್ ಚೌಕದ ಕಡ್ಡಿಯನ್ನು ಎರಡಾಗಿ ಕೊಯ್ದು, ಪ್ರತಿಯೊಂದರ ನಡುವೆ 7 ಮಿಲಿಮೀಟರ್ ರಂಧ್ರ ಕೊರೆದು, ಹಿತ್ತಾಳೆಯ ತೆಳು ಕೊಳವೆಯನ್ನು ಅಂಟಿಸುವುದು ರೂಢಿಯ ಕ್ರಮ. ಬೈರಿಗೆಯನ್ನು ಆಗಾಗ ಹೊರಗೆಳೆದು ಪುಡಿ ತೆಗೆಯದಿದ್ದರೆ ರಂಧ್ರ ಕಾಯುತ್ತದೆ. ಬಿಸಿಗೆ ಬಿಳಿಯ ಅಂಟು ಮೆದುವಾಗಿ ಜೋಡಣೆ ಒಳಗಿನಿಂದಲೇ ಸಡಿಲುತ್ತದೆ. ಬೈರಿಗೆ ಹೊರಬರುವ ಕೊನೆಯಲ್ಲಿ ಮರ ಸಿಡಿಯುವ ಸಂಭವವಿರುವುದರಿಂದ ತುಂಡನ್ನು ಕೊಂಚ ಉದ್ದವಾಗಿಯೇ ಇಟ್ಟುಕೊಂಡು ಆಮೇಲೆ ಕೊಯ್ದು ಹಾಕಬೇಕು.

ಲೇತಿಗೆ ಏರಿಸಿದ ಮೇಲೆ ಚೌಕವು ದುಂಡಾಗುವವರೆಗೆ ವೇಗ ಕಡಿಮೆಯಿರಲಿ. ಉಳಿ ಹರಿತವಾಗಿದ್ದು ತೆಳುವಾಗಿ ಕೊರೆಯಬೇಕು. ಮೆದು ಮರದಿಂದ ಗಟ್ಟಿ ಮರಕ್ಕೆ ದಾಟುವ ಬೆಸುಗೆಯ ಗೆರೆಯಲ್ಲೇ ಅದು ಕಚ್ಚಿಕೊಳ್ಳುವುದು. ಅಂಟು ಹುಸಿಯಾಗಿದ್ದರೆ ತುಂಡು ಹಾರಿ ಕಣ್ಣಿಗೆ ಬಡಿದೀತು. ಕಣ್ಣಿಗೆ ಕನ್ನಡಕವಿಲ್ಲದೆ, ಸಡಿಲ ತೋಳಿನ ಅಂಗಿ ತೊಟ್ಟು ಯಾರೂ ಯಂತ್ರದ ಮುಂದೆ ನಿಲ್ಲಕೂಡದು. ಈ ಒಂದು ವಿಷಯದಲ್ಲಿ ಶಿಕ್ಷಕರು ನಿಷ್ಠುರರಾದರೆ ದೋಷವಿಲ್ಲ.

ಹೊಳಪು ತರಲು ಚನ್ನಪಟ್ಟಣದವರ ವಿಧಾನಕ್ಕೆ ಸಮನಾದುದು ಇನ್ನೊಂದಿಲ್ಲ. ತಿರುಗುತ್ತಿರುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹರಡಿಕೊಳ್ಳುತ್ತದೆ. ಅದಕ್ಕೂ ಮೊದಲು ಯಂತ್ರವನ್ನು ನಿಲ್ಲಿಸಿ ಉದ್ದಕ್ಕೊಮ್ಮೆ ಮರಳುಕಾಗದದಿಂದ ತಿಕ್ಕದಿದ್ದರೆ ಸುತ್ತುಗೆರೆಗಳು ಅರಗಿನ ಕೆಳಗೂ ಎದ್ದು ಕಾಣುವುವು.

ಲೇಖನಿಯೂ ಸ್ವದೇಶಿಯಾಗಬೇಕೆಂಬ ಹಂಬಲದಿಂದ ರಾಜಮಹೇಂದ್ರಿಯ ಕೆ. ವಿ. ರತ್ನಂ ಅವರು ಮಾಡಿದ ಲೇಖನಿಯನ್ನು ಗಾಂಧೀಜಿ 1935ರಲ್ಲಿ ಪತ್ರ ಬರೆದು ಮೆಚ್ಚಿದರು. ಗಟ್ಟಿ ರಬ್ಬರಾದ ಎಬೊನೈಟಿನ ಕಡ್ಡಿಯನ್ನು ಲೇತಿನಲ್ಲಿ ಕಡೆದು ಮಾಡುವ ಲೇಖನಿಗಳಿಗೆ ಆ ಊರು ಹೆಸರಾಯಿತು. ಎರಡು ವರ್ಷಗಳ ತರುವಾಯ ವರ್ಧಾದಲ್ಲಿ ಕೈಕೆಲಸದ ಮೂಲಕ ಶಿಕ್ಷಣವೆಂಬ ವಿಚಾರ ರೂಪುಗೊಂಡಿತು; 1977ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಶಾಲೆಯ ವೇಳಾಪಟ್ಟಿಗೆ ಶಿಫಾರಸು ಮಾಡಿತು. ವೇಳಾಪಟ್ಟಿಯಲ್ಲಿ ಸೇರಿದ ಅವಧಿ ಗಣಿತದ ಹೆಚ್ಚುವರಿ ತರಗತಿಗೆ ಬಲಿಯಾಗುವುದು ಎಲ್ಲರೂ ಕಂಡ ಮಾತು. ನಷ್ಟವಾಗುವುದು ಯಾರಿಗೆ? ಮನೆಯಲ್ಲಿ ತಂದೆಯ ಜೊತೆ ಕೂರಿಗೆ, ಬಾಗಿಲು ಮಾಡಿ ಉಳಿ ಹಿಡಿಯಬಲ್ಲ ಬಾಲಕನಿಗೆ. ಮರದ ನಾರು ಎತ್ತ ಓಡುತ್ತದೆಂದು ಅವನು ಬಲ್ಲ. ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇಲ್ಲ. ಈ ಪಾಠದಲ್ಲಿ ಅಂತಹವನನ್ನು ಗುಂಪಿಗೆ ಮುಂದಾಳಾಗಿಸಿ, ಸಾಧ್ಯವಾದರೆ ಊರಿನ ಬಡಗಿಯೊಬ್ಬರನ್ನೇ ಗೌರವಧನ ಕೊಟ್ಟು ಕರೆಸುವುದು ಉಚಿತ. ದಾನಿಗಳು ಒಂದು ಚಿಕ್ಕ ಲೇತ್ ಕೊಡಿಸಿದರೆ ಸಾಲದು. ಉಳಿಗೆ ಸಾಣೆ, ಕಣ್ಣಿಗೆ ಕನ್ನಡಕ, ಬಡಗಿಯ ಗೌರವಧನ ಇವೂ ಆ ಲೆಕ್ಕದಲ್ಲೇ ಸೇರಬೇಕು.

ಅಳತೆಯ ವಿಚಾರದಲ್ಲಿ ಒಂದು ಮಾತು ಉಳಿದಿದೆ. ರೀಫಿಲ್ಲನ್ನು ಮರ ಕೊಯ್ಯುವ ಮೊದಲೇ ಕೊಂಡು ತರಬೇಕು, ಅದೂ ತಾಲ್ಲೂಕಿನ ಪುಸ್ತಕದಂಗಡಿಯಲ್ಲಿ ವರ್ಷವಿಡೀ ಸಿಗುವ ಸಾಮಾನ್ಯ ಬಗೆಯದನ್ನೇ. ದೂರದ ನಗರದಿಂದ ತರಿಸಿದ ಅಪರೂಪದ ರೀಫಿಲ್ಲಿಗೆ ಒಪ್ಪುವಂತೆ ಕಡೆದ ಲೇಖನಿಯು ಮಸಿ ಮುಗಿದ ದಿನವೇ ಗಾಜಿನ ಕಪಾಟನ್ನು ಸೇರುತ್ತದೆ.