ಗುಡಿಸಿದ ಎಲೆಯನ್ನು ಬುಡಕ್ಕೇ ಹಾಕಿ

ಪ್ರಶ್ನೆ: ಊರಿಗಾಂನ ಹಳೆಯ ಗಣಿ ಲೈನಿನಲ್ಲಿ ನಮ್ಮ ಮನೆ. ಹಿಂದೆ ಹತ್ತಡಿ ಹಿತ್ತಲು, ಒಂದು ಹೊಂಗೆ, ಒಂದು ನುಗ್ಗೆ. ನೀರಿನ ಟ್ಯಾಂಕರ್ ವಾರಕ್ಕೊಮ್ಮೆ. ಏಪ್ರಿಲ್ ಬಂತೆಂದರೆ ಪಿಕಳಾರಗಳು ಬಾಯಿ ತೆರೆದುಕೊಂಡು ಗೋಡೆ ಮೇಲೆ ಕೂರುತ್ತವೆ, ನೋಡಲಾಗುವುದಿಲ್ಲ. ನಮಗೇ ನೀರಿಲ್ಲದಾಗ ಹಕ್ಕಿಗಳಿಗೆಂದು ತೋಟ ಮಾಡುವುದು ತಪ್ಪಲ್ಲವೇ ಸಾರ್?
— ಗೃಹಿಣಿ, ಊರಿಗಾಂ

ಉತ್ತರ: ತಪ್ಪಲ್ಲ ತಾಯಿ. ಹೊಸ ತೋಟ ಮಾಡುವುದೂ ಬೇಡ, ಇರುವ ಎರಡು ಮರವೇ ತೋಟ. ಶಿವರಾತ್ರಿ ಕಳೆಯುತ್ತಲೇ ಹೊಂಗೆ ಎಲೆ ಉದುರಿಸುತ್ತದೆ. ನಾವು ಅದನ್ನು ಗುಡಿಸಿ, ಮೂಲೆಯಲ್ಲಿ ಬೆಂಕಿ ಹಚ್ಚುತ್ತೇವೆ. ನಮ್ಮ ಸೀಮೆಯ ಹಿತ್ತಲುಗಳಿಗೆ ಬೇಸಿಗೆಯಲ್ಲಿ ಆಗುವ ದೊಡ್ಡ ನಷ್ಟ ಇದೇ ಎಂಬುದು ನನ್ನ ಎಷ್ಟೋ ವರ್ಷದ ಮಾತು. ಹೊಂಗೆ ಎಲೆ ಒಳ್ಳೆಯ ಗೊಬ್ಬರ. ಗಿಡದ ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹರಡಿ, ಕಾಂಡಕ್ಕೆ ಮಾತ್ರ ತಾಕಿಸಬೇಡಿ. ಕೆಳಗಿನ ಮಣ್ಣು ಮಧ್ಯಾಹ್ನದ ಬಿಸಿಲಿಗೂ ತಣ್ಣಗಿರುತ್ತದೆ, ಹಾಕಿದ ನೀರು ಬೇಗ ಆರುವುದಿಲ್ಲ. ಆ ಎಲೆಯಡಿ ಎರೆಹುಳು, ಜೀರುಂಡೆ, ಹಾವುರಾಣಿ ಸೇರಿಕೊಳ್ಳುತ್ತವೆ. ಮಡಿವಾಳ ಹಕ್ಕಿ ಬಂದು ಎಲೆ ಮಗುಚಿ ಹುಳ ಹೆಕ್ಕುವುದನ್ನು ನೀವೇ ಕಾಣುವಿರಿ.

ನೀರಿನ ಲೆಕ್ಕಕ್ಕೆ ಬನ್ನಿ. ಅಕ್ಕಿ, ಸೊಪ್ಪು, ತರಕಾರಿ ತೊಳೆದ ನೀರನ್ನು ಬಕೆಟ್ಟಿಗೆ ಹಿಡಿದರೆ ನುಗ್ಗೆಗೂ ಕುಂಡಗಳಿಗೂ ಸಾಕು. ಸೋಪುಪುಡಿಯ ನೀರು ಬೇಡ. ನಿಮ್ಮಲ್ಲಿ ಆರ್.ಓ. ಯಂತ್ರವಿದ್ದರೆ ಅದು ಹೊರಬಿಡುವ ನೀರನ್ನು ಹಕ್ಕಿಗಳಿಗೆ ಇಡಬೇಡಿ. ನಮ್ಮ ಆಳದ ಬೋರ್‌ವೆಲ್ಲಿನ ಉಪ್ಪು, ಫ್ಲೋರೈಡ್ ಎಲ್ಲ ಅದರಲ್ಲೇ ಗಟ್ಟಿಯಾಗಿ ಉಳಿದಿರುತ್ತದೆ. ಅದು ನೆಲ ಒರೆಸಲು ಇರಲಿ.

ಹಕ್ಕಿಗೆ ಬೇಕಾದದ್ದು ದಿನಕ್ಕೆ ಒಂದು ಲೀಟರ್. ಅಗಲವಾದ ಎರಡು ಮಣ್ಣಿನ ತಟ್ಟೆ ತನ್ನಿ. ಮಣ್ಣು ಬೆವರಿ ನೀರು ತಂಪಾಗಿರುತ್ತದೆ, ಸ್ಟೀಲ್ ತಟ್ಟೆಯಾದರೆ ಬಿಸಿಲಿಗೆ ಸುಡುತ್ತದೆ. ಎರಡಂಗುಲಕ್ಕಿಂತ ಆಳ ಬೇಡ. ನಡುವೆ ಒಂದೆರಡು ಕಲ್ಲಿಡಿ, ಜೇನುನೊಣ ಅದರ ಮೇಲೆ ಕೂತು ಕುಡಿಯುತ್ತದೆ, ಇಲ್ಲವಾದರೆ ಮುಳುಗಿ ಸಾಯುತ್ತದೆ. ಒಂದನ್ನು ನೆರಳಿನಲ್ಲಿ ಎತ್ತರಕ್ಕೆ ಇಡಿ, ಬೆಕ್ಕು ಅಡಗುವ ಪೊದೆಯಿಂದ ನಾಲ್ಕಡಿ ದೂರವಿರಲಿ. ಇನ್ನೊಂದು ನೆಲದ ಮೇಲಿರಲಿ. ಅಳಿಲು, ಕಪ್ಪೆ, ಓತಿಕ್ಯಾತಗಳಿಗೆ ಎತ್ತರದ ತಟ್ಟೆಯಿಂದ ಏನು ಸುಖ? ಬೆಳಗಾದರೆ ಹಳೆ ನೀರು ಗಿಡಕ್ಕೆ ಚೆಲ್ಲಿ, ತೆಂಗಿನ ನಾರಿನಿಂದ ತಟ್ಟೆಯ ಒಳಮೈ ಉಜ್ಜಿ. ಡೆಂಗಿ ಸೊಳ್ಳೆ ಮೊಟ್ಟೆಯನ್ನು ಪಾತ್ರೆಯ ಒಳಗೋಡೆಗೆ ಅಂಟಿಸುತ್ತದೆ. ತಟ್ಟೆ ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ಆದ್ದರಿಂದ ನೀರು ಬದಲಿಸಿದರೆ ಸಾಲದು, ಉಜ್ಜಲೇಬೇಕು.

ಪ್ರಶ್ನೆ: ಎಲೆ ಕಸ ಬಿಟ್ಟರೆ ಹಾವು ಬರುತ್ತದೆಂದು ನಮ್ಮ ಅತ್ತೆ ಬಿಡುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.
— ಬೂದಿಕೋಟೆ

ಉತ್ತರ: ನಿಮ್ಮ ಅತ್ತೆಯವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ನಾಗರ, ಕಟ್ಟುಹಾವು, ಕೊಳಕುಮಂಡಲ ನಮ್ಮ ಹೊಲಗಳಲ್ಲಿ ಇವೆ. ಆದರೆ ಹಾವು ಬರುವುದು ಇಲಿ, ಕಪ್ಪೆಗಳ ಹಿಂದೆ. ರಾಗಿ ಮೂಟೆ, ಕೋಳಿಗೂಡು, ಒಲೆಯ ಬಳಿಯ ಸೌದೆ ರಾಶಿ ಅದನ್ನು ಎಲೆಗಿಂತ ಹೆಚ್ಚು ಕರೆಯುತ್ತವೆ. ಬಾಗಿಲಿನಿಂದ ಹತ್ತು ಹದಿನೈದಡಿಯವರೆಗೆ ನೆಲವನ್ನು ಚೊಕ್ಕಟವಾಗಿ ಗುಡಿಸಿಡಿ, ಅಲ್ಲಿ ಅತ್ತೆಯವರ ಮಾತೇ ನಡೆಯಲಿ. ಅದರಾಚೆ ಎಲೆ ಇರಲಿ. ಅಲ್ಲಿ ಬರಿಗೈ ಹಾಕಬಾರದು, ಕತ್ತಲಲ್ಲಿ ಟಾರ್ಚ್ ಇಲ್ಲದೆ ಹೋಗಬಾರದು ಎಂದು ಮಕ್ಕಳಿಗೆ ಕಲಿಸಿ. ಕಟ್ಟುಹಾವು ರಾತ್ರಿ ಮನೆಯೊಳಗೇ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ ಮಲಗಿ. ಉದ್ದನೆಯ ಕೇರೆಹಾವು ಕಂಡರೆ ದಯವಿಟ್ಟು ಹೊಡೆಯಬೇಡಿ. ಅದಕ್ಕೆ ವಿಷವಿಲ್ಲ, ನಿಮ್ಮ ಇಲಿಗಳನ್ನು ತಿನ್ನುವುದು ಅದೇ.

ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕೈಕಾಲು ಅಲುಗಿಸದೆ ನೇರ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು.

ಪ್ರಶ್ನೆ: ಕರಿಬೇವಿನ ಗಿಡವನ್ನು ಹಸಿರು ಹುಳುಗಳು ಬೋಳು ಮಾಡುತ್ತಿವೆ. ಮುಟ್ಟಿದರೆ ಕೆಂಪು ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತವೆ. ಬೇವಿನೆಣ್ಣೆ ಹೊಡೆಯಲೇ? ಪಕ್ಕದ ಮನೆಯವರು ರೇಷ್ಮೆ ಸಾಕುತ್ತಾರೆ.
— ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯಿಂದ

ಉತ್ತರ: ಹೊಡೆಯಬೇಡಿ. ಮೊದಲ ಕಾರಣ ನಿಮ್ಮ ನೆರೆಯವರು. ಬೇವು ಸಾವಯವ, ಅದರಿಂದ ಯಾರಿಗೂ ಕೆಡುಕಿಲ್ಲ ಎಂದು ನಂಬಿದವರು ಬಹಳ. ಗಾಳಿಗೆ ಅದರ ಹನಿ ಹಿಪ್ಪುನೇರಳೆ ಎಲೆಗೆ ತಾಗಿ, ಆ ಎಲೆ ರೇಷ್ಮೆ ಹುಳುವಿನ ಹೊಟ್ಟೆ ಸೇರಿದರೆ ಹುಳು ಸೊರಗುತ್ತದೆ, ಪೊರೆ ಕಳಚುವ ಜ್ವರದಿಂದ ಸರಿಯಾಗಿ ಏಳುವುದಿಲ್ಲ, ಬೆಳೆಯೇ ಹೋಗಬಹುದು. ತಿಂಗಳಿಡೀ ರಾತ್ರಿ ಎದ್ದು ಸೊಪ್ಪು ಹಾಕಿದವರ ದುಡಿಮೆ ಅದು.

ಎರಡನೆಯದು, ನಿಮ್ಮ ಗಿಡದ ಹುಳು ಕರಿ ಚಿಟ್ಟೆಯ ಮಗು. ಸಣ್ಣದಿದ್ದಾಗ ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ಬಲಿತಾಗ ಹಸಿರಾಗುತ್ತದೆ. ಆ ಕೆಂಪು ಕೊಂಬು ಹೆದರಿಸಲು ಮಾತ್ರ, ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ಎರಡು ಮೂರು ವಾರದಲ್ಲಿ ತಿಂದು ಕೋಶ ಕಟ್ಟುತ್ತದೆ, ಗಿಡ ಮತ್ತೆ ಚಿಗುರುತ್ತದೆ. ಅಡುಗೆಗೆ ಬೇಕಾದ ರೆಂಬೆಯ ಹುಳುಗಳನ್ನು ಎಲೆಸಮೇತ ಕಿತ್ತು ನಿಂಬೆ ಗಿಡಕ್ಕೋ ಬಿಲ್ವಪತ್ರೆಗೋ ಬಿಡಿ, ಅವೂ ಅದರ ಊಟವೇ. ಎಲ್ಲವೂ ಚಿಟ್ಟೆಯಾಗುವುದೂ ಇಲ್ಲ, ಟುವ್ವಿ ಹಕ್ಕಿ ತನ್ನ ಪಾಲು ಒಯ್ಯುತ್ತದೆ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗೆ ಕೊಡುವುದು ಹುಳುವನ್ನೇ. ಹುಳುವಿಲ್ಲದ ತೋಟದಲ್ಲಿ ಗೂಡುಪೆಟ್ಟಿಗೆ ನೇತುಹಾಕಿ ಗುಬ್ಬಚ್ಚಿಗೆ ಕಾಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಸೈನೈಡ್ ಗುಡ್ಡದ ಮಣ್ಣು ಹಿಟ್ಟಿನಂತೆ ನುಣ್ಣಗಿದೆ, ಪುಕ್ಕಟೆ. ಕುಂಡಕ್ಕೆ ತುಂಬಬಹುದೇ?
— ಮಾರಿಕುಪ್ಪಂ

ಉತ್ತರ: ಖಂಡಿತ ಬೇಡ. ಅದು ಮಣ್ಣೇ ಅಲ್ಲ. ಕೋಲಾರದ ಚಿನ್ನದ ಗಣಿಯ ಅದಿರನ್ನು ಪುಡಿ ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ತೆಗೆದುಕೊಂಡು ಬಿಸಾಕಿದ ಬಂಡೆಯ ಹಿಟ್ಟು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರೂ ಗುಡ್ಡಗಳು ನಿಂತಿವೆ. ಅದರಲ್ಲಿ ಕೊಳೆತ ಎಲೆಯ ಸಾರವಿಲ್ಲ, ಗಿಡದ ಬೇರಿಗೂ ನಿಮ್ಮ ಮೈಗೂ ಬೇಡವಾದ ಲೋಹಗಳಿರಬಹುದು. ಕೆರೆಗೋಡು ಮಣ್ಣು, ಕೊಟ್ಟಿಗೆ ಗೊಬ್ಬರ ಸಮ ಬೆರೆಸಿ ತುಂಬಿ. ಬೇಸಿಗೆ ಗಾಳಿಗೆ ಆ ಧೂಳು ಮನೆಗೆ ನುಗ್ಗುತ್ತದಲ್ಲ, ಗಾಳಿ ಬರುವ ದಿಕ್ಕಿಗೆ ತಂಗಡಿ, ಲಕ್ಕಿ, ಸೀತಾಫಲ ಒತ್ತೊತ್ತಾಗಿ ಬೇಲಿ ಮಾಡಿ. ಬೇರೂರಿದ ಮೇಲೆ ಇವು ಹೆಚ್ಚು ನೀರು ಕೇಳವು. ತಂಗಡಿ ಎಲೆಯಲ್ಲಿ ಹಳದಿ ಚಿಟ್ಟೆಗಳು ಮೊಟ್ಟೆಯಿಡುತ್ತವೆ, ಲಕ್ಕಿ ಹೂವಿಗೆ ಜೇನು ಮುತ್ತುತ್ತದೆ. ಹಿತ್ತಲ ಸೊಪ್ಪನ್ನು ಎರಡು ಸಲ ತೊಳೆದೇ ಅಡುಗೆಗೆ ಹಾಕಿ.

ಪ್ರಶ್ನೆ: ಗಸಗಸೆ ಹಣ್ಣಿನ ಮರಕ್ಕೆ ರಾತ್ರಿ ಬಾವಲಿಗಳ ಕಾಟ. ಕಡಿಸೋಣವೇ?
— ಬಂಗಾರಪೇಟೆ

ಉತ್ತರ: ಕಡಿಸಬೇಡಿ. ಕೊಂಬೆ ಕಿಟಕಿಗೆ ತಾಗುತ್ತಿದ್ದರೆ ಅಷ್ಟು ಮಾತ್ರ ಸವರಿಸಿ. ಬಾವಲಿ ಕಚ್ಚಿದ ಹಣ್ಣು ಮಕ್ಕಳು ತಿನ್ನದಿರಲಿ. ಬಾವಲಿ ಎಂದರೆ ನಮ್ಮ ಜಿಲ್ಲೆಗೆ ವಿಶೇಷ ಹೊಣೆ ಇದೆ: ಕೋಲಾರ ಎಲೆಮೂಗಿನ ಬಾವಲಿ ಎಂಬ ಪುಟ್ಟ ಜೀವ ಇಡೀ ಜಗತ್ತಿನಲ್ಲಿ ಉಳಿದಿರುವುದು ಈ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ. ಅದು ಹುಳು ತಿನ್ನುವ ಜಾತಿ, ನಿಮ್ಮ ಮರಕ್ಕೆ ಬರುವುದು ಹಣ್ಣು ತಿನ್ನುವ ಜಾತಿ. ಕಲ್ಲು ಒಡೆಯುವ ಸಿಡಿತದಿಂದ ಎಲೆಮೂಗಿನ ಬಾವಲಿಯ ನೆಲೆ ಅಪಾಯಕ್ಕೆ ಸಿಲುಕಿತ್ತು.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಗಿಡ ನೆಡಬೇಕೆಂದಿದ್ದೇವೆ. ಯಾವುದು ತರಲಿ?
— ಶಿಕ್ಷಕಿ, ಬೇತಮಂಗಲ

ಉತ್ತರ: ಈಗ ಏನೂ ತರಬೇಡಿ ಮೇಡಂ. ಏಪ್ರಿಲ್‌ನಲ್ಲಿ ನೆಟ್ಟ ಸಸಿಯನ್ನು ಉಳಿಸಲು ಬಿಂದಿಗೆಗಟ್ಟಲೆ ನೀರು ಬೇಕು. ರಜೆಯಲ್ಲಿ ಮಕ್ಕಳಿಂದ ಗುಂಡಿ ತೋಡಿಸಿ, ಒಂದೂವರೆ ಅಡಿ ಆಳ ಸಾಕು. ಬಿಸಿಲಿಗೆ ಮಣ್ಣು ಕಾಯಲಿ. ಹುಣಸೆ ಬೀಜವನ್ನೂ, ಸಿಕ್ಕಾಗ ಒಣಗಿಸದೆ ನೇರಳೆ ಬೀಜವನ್ನೂ ಹಾಲಿನ ಕವರಿಗೆ ಹಾಕಿ ಸಸಿ ಮಾಡಿ. ಮಳೆ ಹಿಡಿದ ಮೇಲೆ, ಜೂನ್ ಕೊನೆಗೋ ಜುಲೈಗೋ ನೆಡಿ. ಸಸಿ ಸಾಲದಿದ್ದರೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ, ಮೇ ತಿಂಗಳಲ್ಲೇ ಹೋಗಿ ಹೇಳಿಟ್ಟು ಬನ್ನಿ.