ಹೃದಯ ಶಸ್ತ್ರಚಿಕಿತ್ಸೆಯ ನಂತರ ದಂಪತಿಗಳ ಹೊಣೆ

ಮನೆಯ ಸೊಸೆ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಸುಖವಾಗಿ ಹಿಂತಿರುಗಿದಾಗ ಕುಟುಂಬದವರೆಲ್ಲರ ಮನಸ್ಸು ಕೃತಜ್ಞತೆಯಿಂದ ತುಂಬುತ್ತದೆ. ನಂಜನಗೂಡಿಗೆ ಹೋಗಿ ಹರಕೆ ಸಲ್ಲಿಸುವವರುಂಟು. ವೈದ್ಯರಿಗೂ ದಾದಿಯರಿಗೂ ಕೈ ಮುಗಿಯುವವರುಂಟು. ಇವೆರಡೂ ಯೋಗ್ಯವಾದುವೇ. ಇವುಗಳೊಡನೆ ಗುಣವಾದ ಹೃದಯವನ್ನು ಪತಿಪತ್ನಿಯರು ಸೇರಿ ಕಾಪಾಡುವುದೂ ಕೃತಜ್ಞತೆಯೇ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಚಿಕಿತ್ಸೆ ಸಮೀಪಕ್ಕೆ ಬಂದ ಬಗೆ

ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, ಹೃದಯವನ್ನು ತೆರೆದು ಸರಿಪಡಿಸುವ ಕಾರ್ಯವು 1953ರಲ್ಲಿ ಅಮೆರಿಕದ ಡಾ. ಜಾನ್ ಗಿಬ್ಬನ್ ಅವರಿಂದ ಸಾಧ್ಯವಾಯಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡ ಭಾರತೀಯ ಕೃತಕ ಕವಾಟವನ್ನು 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಲಾಯಿತು. ಮೈಸೂರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ 2010ರಲ್ಲಿ ಆರಂಭವಾಗಿ, 2018ರಲ್ಲಿ ಕೆ.ಆರ್.ಎಸ್. ರಸ್ತೆಯ ಸ್ವಂತ ಕಟ್ಟಡಕ್ಕೆ ಬಂದಿತು. ಹೀಗಾಗಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೋಗಿಗಳು ಹೃದಯದ ಚಿಕಿತ್ಸೆಗೆ ಮೈಸೂರಿಗೇ ಹೋಗಬಹುದಾಗಿದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯ ನೆರವಿನ ವಿವರವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿಯಿರಿ.

ಕವಾಟ ಕೆಡುವುದೇಕೆ?

ಬಾಲ್ಯದಲ್ಲಿ ಗಂಟಲುನೋವು ಬಂದು, ಅದಕ್ಕೆ ಸರಿಯಾದ ಚಿಕಿತ್ಸೆ ದೊರೆಯದಿದ್ದರೆ ಕೆಲವು ಮಕ್ಕಳಿಗೆ ಕೀಲುವಾತ ಜ್ವರ ಬರುತ್ತದೆ. ಕೀಲುಗಳ ನೋವು ಮಾಯವಾದರೂ ಹೃದಯದ ಕವಾಟಕ್ಕೆ ತಗುಲಿದ ಪೆಟ್ಟು ಉಳಿಯಬಹುದು. ಎಷ್ಟೋ ಹೆಣ್ಣುಮಕ್ಕಳಿಗೆ ಈ ದೋಷ ಗೊತ್ತಾಗುವುದು ಮೊದಲ ಬಸಿರಿನಲ್ಲಿ. ಆಗ ರಕ್ತದ ಪ್ರಮಾಣ ಹೆಚ್ಚಿ ಹೃದಯಕ್ಕೆ ಭಾರವಾಗುತ್ತದೆ, ಏದುಸಿರು ಬರುತ್ತದೆ. ಇದನ್ನು ಬರಿಯ ಬಸುರಿಯ ಆಯಾಸವೆಂದು ತಳ್ಳಿಹಾಕಬೇಡಿರಿ.

ಪತ್ನಿಗೆ ತಿಳಿದಿರಬೇಕಾದುದು

ಲೋಹದ ಕವಾಟ ಜೋಡಿಸಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬಿಡುವಿಲ್ಲವೆಂದು ಮಾತ್ರೆಯನ್ನಾಗಲಿ, ರಕ್ತಪರೀಕ್ಷೆಯನ್ನಾಗಲಿ ತಪ್ಪಿಸಬಾರದು. ಸೊಪ್ಪಿನ ಸಾರನ್ನು ಬಿಡಬೇಕಾಗಿಲ್ಲ. ಆದರೆ ಒಂದು ವಾರ ಹೆಚ್ಚು, ಒಂದು ವಾರ ಏನೂ ಇಲ್ಲ ಎಂಬಂತಾಗದೆ, ಪ್ರಮಾಣ ಒಂದೇ ಸಮನಾಗಿರಲಿ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಾವಾಗಿಯೇ ಕೊಳ್ಳಬಾರದು. ಪೆನಿಸಿಲಿನ್ ಚುಚ್ಚುಮದ್ದನ್ನು ಮುಂದುವರಿಸಲು ವೈದ್ಯರು ಹೇಳಿದ್ದರೆ ಹೇಳಿದ ದಿನವೇ ತೆಗೆದುಕೊಳ್ಳಬೇಕು.

ಪತಿಗೆ ತಿಳಿದಿರಬೇಕಾದುದು

ರಕ್ತ ತಿಳಿಯಾಗಿಸುವ ಕೆಲವು ಮಾತ್ರೆಗಳು ಗರ್ಭದ ಶಿಶುವಿಗೆ ಹಾನಿ ಮಾಡಬಲ್ಲವು. ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತಾಯಿಯ ಪ್ರಾಣಕ್ಕೇ ಅಪಾಯ. ಆದುದರಿಂದ ಹೃದಯ ತಜ್ಞರನ್ನೂ ಸ್ತ್ರೀರೋಗ ತಜ್ಞರನ್ನೂ ಕಾಣದೆ ಗರ್ಭ ನಿಲ್ಲಲು ಅವಕಾಶ ಕೊಡಬೇಡಿರಿ. ಒಂದು ವೇಳೆ ಮುಟ್ಟು ನಿಂತರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಲವು ಗರ್ಭನಿರೋಧಕ ಮಾತ್ರೆಗಳು ಇಂಥ ರೋಗಿಗೆ ತಕ್ಕವಲ್ಲ. ಆದುದರಿಂದ ಪತಿಯು ನಿರೋಧ್ ಬಳಸುವುದು ಲೇಸು. ಮಕ್ಕಳು ಸಾಕೆನಿಸಿದರೆ ಪುರುಷ ಸಂತಾನಹರಣ ಚಿಕಿತ್ಸೆ ಸುಲಭವಾದುದು. ಅದರ ನಂತರವೂ ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಇದರಿಂದ ದುಡಿಯುವ ಶಕ್ತಿ ಕುಂದುವುದಿಲ್ಲ. ಆಕೆಯ ಹೃದಯ ಒಮ್ಮೆ ಶಸ್ತ್ರವನ್ನು ಸಹಿಸಿದೆ; ಈ ಭಾರವನ್ನಾದರೂ ಪತಿಯು ಹೊರುವುದು ನ್ಯಾಯ.

ಅತ್ತೆಮಾವಂದಿರಿಗೂ ಈ ಮಾತನ್ನು ವಿನಯದಿಂದ ತಿಳಿಸಿರಿ. ಮಗು ಬೇಗ ಬೇಕೆಂಬ ಆಸೆ ಸಹಜ. ಆದರೆ ಬದುಕಿ ಬಂದ ಸೊಸೆ ಬಾಳಿ ಬದುಕುವುದು ಅದಕ್ಕಿಂತ ಮೊದಲಿನ ಮಾತು.

ದಂಪತಿಗಳು ಕೂಡಿ ಚರ್ಚಿಸಿರಿ

1. ಮುಂದಿನ ರಕ್ತಪರೀಕ್ಷೆ ಯಾವ ದಿನ? ಜೊತೆಯಲ್ಲಿ ಹೋಗುವವರು ಯಾರು?
2. ಮನೆಯ ಮಕ್ಕಳಲ್ಲಿ ಯಾರಿಗಾದರೂ ಗಂಟಲುನೋವು, ಜ್ವರ, ಕೀಲುಬಾವು ಇದೆಯೇ?
3. ಗರ್ಭವನ್ನು ಮುಂದೂಡಲು ಪತಿಯು ಯಾವ ವಿಧಾನವನ್ನು ಅನುಸರಿಸುತ್ತಾನೆ?